ವಿಎಂ ಡಿಸ್ಕನ್ನ ಒಂದು ಸ್ಟೋರೇಜ್ ಪೂಲ್‌ನಿಂದ ಇನ್ನೊಂದಕ್ಕೆ ಸಾಗ್ಸೋದು ಹೇಗೆ: ಕಮಾಂಡ್ ಲೈನ್‌ನಲ್ಲೇ, ಡೇಟಾ ಕಳ್ಕೊಳ್ದೆ

ಹೋದ ಮಳೆಗಾಲದಲ್ಲಿ ಶಿವಮೊಗ್ಗದಿಂದ ಚಿಕ್ಕಪ್ಪನ ಫೋನು. ಪ್ರೆಸ್‌ನಲ್ಲಿ ಪೇಜ್‌ಮೇಕರ್ ಇದ್ದಕ್ಕಿದ್ದಂಗೆ ನಿಂತೋಗಿದೆ, ಮೌಸ್ ಅಲ್ಲಾಡ್ತಿಲ್ಲ, ಸಂಜೆ ಒಳಗೆ ಮದುವೆ ಕರೆಯೋಲೆ ಪ್ಲೇಟಿಗೆ ಹೋಗ್ಬೇಕು. ಅಲ್ಲಿರೋದು ಹಳೇ ನುಡಿ ಫಾಂಟ್‌ನಲ್ಲಿ ಕೂಡಿಸಿಟ್ಟ ವರ್ಷಗಟ್ಟಲೆ ಫೈಲುಗಳು, ಯೂನಿಕೋಡ್‌ಗೆ ತಿರುಗಿಸಿದ್ರೆ ಲೇಔಟ್ ಪೂರ್ತಿ ಚೆದುರಿ ಹೋಗುತ್ತೆ, ಅದಕ್ಕೇ ವಿಂಡೋಸ್ ಎಕ್ಸ್‌ಪಿಯನ್ನ ಒಂದು ಲಿನಕ್ಸ್ ಮಷೀನ್ ಮೇಲೆ ಕೆವಿಎಂ ವಿಎಂ (ಒಂದು ಕಂಪ್ಯೂಟರ್ ಒಳಗೇ ಓಡೋ ಇನ್ನೊಂದು ಕಂಪ್ಯೂಟರ್) ಮಾಡಿ ಇಟ್ಕೊಂಡಿದೀವಿ. ದೂರದಿಂದ ಲಾಗಿನ್ ಆಗಿ ನೋಡಿದ್ರೆ ಎಕ್ಸ್‌ಪಿದು ಏನೂ ತಪ್ಪಿಲ್ಲ, ಕೆಳಗಿರೋ ಲಿನಕ್ಸ್‌ನ 240 ಜಿಬಿ ಎಸ್‌ಎಸ್‌ಡಿ ತುಂಬಿ ತುಳುಕ್ತಿದೆ. ಬರೆಯೋಕೆ ಜಾಗ ಇಲ್ಲ ಅಂದಾಗ ವಿಎಂ ಓಡ್ಸೋ ಪ್ರೋಗ್ರಾಂ ಆದ ಕ್ಯೂಎಮು, ವಿಎಂ ಅನ್ನ ಹಂಗೇ ಪಾಜ್ ಮಾಡಿ ನಿಲ್ಸಿಬಿಡುತ್ತೆ. ಪಕ್ಕದಲ್ಲೇ 2 ಟಿಬಿ ಹಾರ್ಡ್‌ಡಿಸ್ಕ್ ಖಾಲಿ ಬಿದ್ದಿತ್ತು.

ಅವತ್ತು ಮಾಡಿದ್ದನ್ನೇ ಇಲ್ಲಿ ಒಂದೊಂದು ಹೆಜ್ಜೆಯಾಗಿ ಬರೀತಿದೀನಿ. ಇದು ಲಿಬ್‌ವರ್ಟ್ (ವಿಎಂಗಳನ್ನ ನೋಡ್ಕೊಳ್ಳೋ ಸಾಫ್ಟ್‌ವೇರ್) ಮತ್ತೆ ಅದರ ಕಮಾಂಡ್ ಆದ ವಿರ್ಶ್ ಉಪಯೋಗ್ಸೋರಿಗೆ, ಉಬುಂಟು, ಡೆಬಿಯನ್, ಫೆಡೋರಾ ಯಾವುದಾದ್ರೂ ಸರಿ. ಕಮಾಂಡ್‌ಗಳನ್ನ ಓದೋ ಥರಾನೇ ಕನ್ನಡದಲ್ಲಿ ಬರ್ದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೀರಿ, ಎಲ್ಲಾ ಸಣ್ಣಕ್ಷರ, ದೊಡ್ಡಕ್ಷರ ಬೇಕಾದ ಕಡೆ ಹೇಳ್ತೀನಿ. ವಿರ್ಶ್ ಅಂದ್ರೆ ವಿ-ಐ-ಆರ್-ಎಸ್-ಎಚ್.

ಶುರು ಮಾಡೋಕೆ ಮುಂಚೆ ಒಂದು ಮಾತು ತಲೇಲಿ ಇಟ್ಕೊಳಿ. ವಿರ್ಶ್‌ನಲ್ಲಿ ವಾಲ್ಯೂಮನ್ನ, ಅಂದ್ರೆ ವಿಎಂ ಡಿಸ್ಕನ್ನ, "ಮೂವ್" ಮಾಡೋ ಕಮಾಂಡೇ ಇಲ್ಲ. ವಾಲ್-ಕ್ಲೋನ್ ಅಂತ ಒಂದಿದೆ, ಆದ್ರೆ ಅದು ಅದೇ ಪೂಲ್ (ವಾಲ್ಯೂಮ್‌ಗಳನ್ನ ಇಡೋ ಜಾಗ) ಒಳಗೆ ಮಾತ್ರ ಕಾಪಿ ಮಾಡುತ್ತೆ, ಪಕ್ಕದ ಪೂಲ್‌ಗೆ ದಾಟಲ್ಲ. ಹಂಗಾಗಿ ನಾವು ಮಾಡೋದು ನಾಲ್ಕು ಬೇರೆ ಬೇರೆ ಕೆಲಸ: ಕಾಪಿ ಮಾಡೋದು, ಎರಡೂ ಒಂದೇನಾ ಅಂತ ತಾಳೆ ನೋಡೋದು, ವಿಎಂಗೆ ಹೊಸ ಜಾಗ ತೋರ್ಸೋದು, ಕೊನೇಲಿ ಹಳೇದನ್ನ ಅಳಿಸೋದು. ಈ ನಾಲ್ಕನ್ನ ಬೆರೆಸಿಬಿಟ್ಟಾಗಲೇ ಡೇಟಾ ಹೋಗೋದು, ಅದ್ರಲ್ಲೂ ಜಾಗ ತುಂಬಿ ಗಾಬರಿಯಾಗಿರೋ ಹೊತ್ತಲ್ಲಿ ಎಲ್ಲಕ್ಕಿಂತ ಮೊದಲು ಕೈ ಹೋಗೋದೇ ಡಿಲೀಟ್ ಕಡೆ.

ಮೊದ್ಲು ಎಲ್ಲಿ ಏನಿದೆ ನೋಡ್ಕೊಳಿ

ಸುಡೋ ವಿರ್ಶ್ ಲಿಸ್ಟ್ --ಆಲ್
ಸುಡೋ ವಿರ್ಶ್ ಪೂಲ್-ಲಿಸ್ಟ್ --ಆಲ್
ಸುಡೋ ವಿರ್ಶ್ ಡಾಮ್‌ಬಿಎಲ್‌ಕೆಲಿಸ್ಟ್ ಪ್ರೆಸ್

ಸುಡೋ ಇಲ್ದೆ ಹೊಡೆದು ಲಿಸ್ಟ್ ಖಾಲಿ ಬಂದ್ರೆ ಗಾಬರಿ ಬೀಳ್ಬೇಡಿ, ಮಾಮೂಲಿ ಯೂಸರ್ ಆಗಿ ಹೊಡೆದ್ರೆ ವಿರ್ಶ್ ಎಷ್ಟೋ ಕಡೆ ಸೆಷನ್ ಅನ್ನೋ ಬೇರೆ ಕನೆಕ್ಷನ್‌ಗೆ ಹೋಗುತ್ತೆ, ಅಲ್ಲಿ ನಿಮ್ಮ ಸಿಸ್ಟಮ್ ವಿಎಂಗಳು ಕಾಣಲ್ಲ ಅಷ್ಟೆ. ಕಮಾಂಡ್‌ಗಳಲ್ಲಿರೋ ಪ್ರೆಸ್ ಅನ್ನೋದು ನಮ್ಮ ವಿಎಂ ಹೆಸರು, ಅಲ್ಲಿ ನಿಮ್ಮದನ್ನ ಹಾಕಿ. ಮೂರನೇ ಕಮಾಂಡ್ ಬಹಳ ಮುಖ್ಯ, ಡಿ-ಓ-ಎಂ-ಬಿ-ಎಲ್-ಕೆ-ಲಿಸ್ಟ್ ಅಂತ ಹೈಫನ್ ಇಲ್ದೆ ಒಂದೇ ಪದ, ನಿಮ್ಮ ವಿಎಂ ನಿಜವಾಗ್ಲೂ ಯಾವ ಫೈಲ್ ಮೇಲೆ ಓಡ್ತಿದೆ ಅಂತ ಅದೇ ಹೇಳೋದು. ನಂಗೆ ಬಂದಿದ್ದು ಹೀಗೆ: ಎಚ್‌ಡಿಎ ಅಂತ ಒಂದು ಕಡೆ, ಅದರ ಎದುರು /ವಾರ್/ಲಿಬ್/ಲಿಬ್‌ವರ್ಟ್/ಇಮೇಜಸ್/ಪ್ರೆಸ್.ಕ್ಯೂಕೌ2. ಕ್ಯೂಕೌ2 (ಕ್ಯೂ-ಸಿ-ಓ-ಡಬ್ಲ್ಯೂ-2) ಅನ್ನೋದು ವಿಎಂ ಡಿಸ್ಕ್ ಫೈಲಿನ ಒಂದು ಫಾರ್ಮ್ಯಾಟ್. ಆ ಡೈರೆಕ್ಟರಿನೇ ಡೀಫಾಲ್ಟ್ ಪೂಲ್, ಅದು ಕೂತಿರೋದು ರೂಟ್ ಡಿಸ್ಕ್ ಮೇಲೆ, ಎಷ್ಟೋ ಜನರ ರೂಟ್ ತುಂಬೋದು ಇದರಿಂದ್ಲೇ.

ನಿಮ್ಮ ವಿಎಂ ಕೂಡ ಆಗ್ಲೇ ಹೆಪ್ಪುಗಟ್ಟಿ ನಿಂತಿದ್ರೆ ಇವೆರಡನ್ನ ಹೊಡೀರಿ:

ಸುಡೋ ವಿರ್ಶ್ ಡಾಮ್‌ಸ್ಟೇಟ್ ಪ್ರೆಸ್ --ರೀಸನ್
ಸುಡೋ ವಿರ್ಶ್ ಡಾಮ್‌ಬಿಎಲ್‌ಕೆಎರರ್ ಪ್ರೆಸ್

ಮೊದಲನೇದು ಪಾಜ್ಡ್, ಪಕ್ಕದಲ್ಲಿ ಐ/ಓ ಎರರ್ ಅನ್ನುತ್ತೆ, ಎರಡನೇದು "ಎಚ್‌ಡಿಎ: ನೋ ಸ್ಪೇಸ್" ಅಂತ ಕಾರಣ ಕೊಡುತ್ತೆ. ಈ ಸ್ಥಿತೀಲಿ ದಯವಿಟ್ಟು ವಿರ್ಶ್ ಡೆಸ್ಟ್ರಾಯ್ ಹೊಡೀಬೇಡಿ. ಅದು ಡಿಸ್ಕ್ ಅಳಿಸಲ್ಲ ನಿಜ, ಆದ್ರೆ ಓಡ್ತಿರೋ ಕಂಪ್ಯೂಟರ್ ಪ್ಲಗ್ ಕಿತ್ತಂಗೆ, ಅರ್ಧ ಬರೆದ ಫೈಲುಗಳು ಅರ್ಧದಲ್ಲೇ ಉಳೀತವೆ. ರೂಟ್‌ನಲ್ಲಿ ಒಂದೆರಡು ಜಿಬಿ ಎಲ್ಲಿಂದಾದ್ರೂ ಹೊಂದ್ಸಿ, ಪ್ಯಾಕೇಜ್ ಕ್ಯಾಶ್ ತೆಗೀರಿ, ಜರ್ನಲ್ ಲಾಗನ್ನ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ ಹೊಡೆದು ಇಳಿಸಿ (ಆ ಎಂ ದೊಡ್ಡಕ್ಷರ), ಆಮೇಲೆ ವಿರ್ಶ್ ರೆಸ್ಯೂಮ್ ಪ್ರೆಸ್. ವಿಎಂ ನಿಂತಲ್ಲಿಂದ್ಲೇ ಎದ್ದು ಓಡುತ್ತೆ. ಚಿಕ್ಕಪ್ಪನ ಕರೆಯೋಲೆ ಅವರು ಸೇವ್ ಮಾಡದೇ ಬಿಟ್ಟ ಸಾಲಿನಲ್ಲೇ ಕರ್ಸರ್ ಮಿಣುಕ್ತಾ ಹಂಗೇ ಕೂತಿತ್ತು. ಮೊದ್ಲು ಸೇವ್ ಮಾಡ್ಸಿ, ಅವತ್ತಿನ ಕೆಲಸ ಮುಗಿಸ್ಕೊಂಡು, ರಾತ್ರಿ ನಿಧಾನಕ್ಕೆ ಡಿಸ್ಕ್ ಸಾಗ್ಸೋಕೆ ಕೂತ್ವಿ.

ಹೊಸ ಪೂಲ್ ಮಾಡೋದು

2 ಟಿಬಿ ಡಿಸ್ಕನ್ನ /ಡೇಟಾ ಅನ್ನೋ ಜಾಗಕ್ಕೆ ಮೌಂಟ್ ಮಾಡಿದೀವಿ ಅಂತ ಇಟ್ಕೊಳಿ.

ಫೈಂಡ್‌ಎಂಎನ್‌ಟಿ /ಡೇಟಾ
ಸುಡೋ ವಿರ್ಶ್ ಪೂಲ್-ಡಿಫೈನ್-ಆಸ್ ಡೇಟಾ ಡಿಐಆರ್ --ಟಾರ್ಗೆಟ್ /ಡೇಟಾ/ವಿಎಂ
ಸುಡೋ ವಿರ್ಶ್ ಪೂಲ್-ಬಿಲ್ಡ್ ಡೇಟಾ
ಸುಡೋ ವಿರ್ಶ್ ಪೂಲ್-ಸ್ಟಾರ್ಟ್ ಡೇಟಾ
ಸುಡೋ ವಿರ್ಶ್ ಪೂಲ್-ಆಟೋಸ್ಟಾರ್ಟ್ ಡೇಟಾ

ಮೊದಲನೇ ಸಾಲನ್ನ ಬಿಡ್ಬೇಡಿ. ಅದು ಏನೂ ತೋರಿಸ್ದೆ ಸುಮ್ನಿದ್ರೆ ಡಿಸ್ಕ್ ಮೌಂಟೇ ಆಗಿಲ್ಲ ಅಂತ ಅರ್ಥ, ಆಗ ಪೂಲ್-ಬಿಲ್ಡ್ ಅದೇ ಹೆಸರಿನ ಡೈರೆಕ್ಟರಿನ ರೂಟ್ ಡಿಸ್ಕ್ ಮೇಲೇ ಮಾಡಿ ಕೊಡುತ್ತೆ, ನೀವು ದೊಡ್ಡ ಡಿಸ್ಕಿಗೆ ಸಾಗಿಸ್ತಿದೀನಿ ಅಂದ್ಕೊಂಡು ತುಂಬಿರೋ ಡಿಸ್ಕಿಗೇ ಇನ್ನೊಂದು ಕಾಪಿ ತುಂಬ್ತೀರ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗ್ಬೇಕು ಅಂತ ಬರ್ದಿರೋ ಫೈಲ್) ಯುಯುಐಡಿ, ಅಂದ್ರೆ ಡಿಸ್ಕಿನ ಗುರುತಿನ ಸಂಖ್ಯೆ, ಹಾಕಿ ಎಂಟ್ರಿ ಇದೆಯಾ ಅಂತಾನೂ ಇವಾಗ್ಲೇ ನೋಡಿ, ಇಲ್ದಿದ್ರೆ ಮಷೀನ್ ರೀಬೂಟ್ ಆದ ದಿನ /ಡೇಟಾ/ವಿಎಂ ಡೈರೆಕ್ಟರಿನೇ ಕಾಣ್ದೆ ಪೂಲ್ ಶುರುವಾಗಲ್ಲ, ಡಿಸ್ಕ್ ಹೋಯ್ತು ಅಂತ ಎದೆ ಧಸಕ್ ಅನ್ನುತ್ತೆ.

ಪೂಲ್‌ಗೆ ಜಾಗ ಆರಿಸುವಾಗ ನಿಮ್ಮ ಹೋಮ್ ಡೈರೆಕ್ಟರಿ ಒಳಗಡೆ ಇಡ್ಬೇಡಿ. ವಿಎಂ ಓಡ್ಸೋ ಪ್ರೋಸೆಸ್ ಬೇರೆ ಯೂಸರ್ ಹೆಸರಲ್ಲಿ ಓಡುತ್ತೆ, ಫೆಡೋರಾದಲ್ಲಿ ಕ್ಯೂಎಮು, ಡೆಬಿಯನ್ ಉಬುಂಟುನಲ್ಲಿ ಲಿಬ್‌ವರ್ಟ್-ಕ್ಯೂಎಮು. ಫೈಲ್‌ನ ಓನರ್‌ಶಿಪ್ಪನ್ನ ಲಿಬ್‌ವರ್ಟ್ ವಿಎಂ ಶುರುವಾಗುವಾಗ ತಾನೇ ಸರಿಮಾಡ್ಕೊಳುತ್ತೆ, ಆದ್ರೆ ದಾರೀಲಿರೋ ಡೈರೆಕ್ಟರಿಗಳ ಬಾಗ್ಲು ತೆಗೆದು ಕೊಡಲ್ಲ. ಪರ್ಮಿಷನ್ ಡಿನೈಡ್ ಬಂದ್ರೆ ನೇಮ್‌ಐ -ಎಲ್ ಹಾಕಿ ಮುಂದೆ ಫೈಲ್‌ನ ಪೂರ್ತಿ ಪಾತ್ ಕೊಡಿ, ರೂಟ್‌ನಿಂದ ಫೈಲ್‌ವರೆಗೂ ಒಂದೊಂದು ಮೆಟ್ಟಿಲಿನ ಪರ್ಮಿಷನ್ ಸಾಲಾಗಿ ಬರುತ್ತೆ, ಎಲ್ಲಿ ಎಕ್ಸ್ ಇಲ್ವೋ ಅಲ್ಲೇ ತಡೆ.

ಫೆಡೋರಾ ಥರದವ್ರಿಗೆ ಎಸ್‌ಇಲಿನಕ್ಸ್ ಅನ್ನೋ ಇನ್ನೊಂದು ಕಾವಲು ಇರುತ್ತೆ, ಹೊಸ ಡೈರೆಕ್ಟರಿಗೆ ವರ್ಟ್_ಇಮೇಜ್_ಟಿ ಅನ್ನೋ ಲೇಬಲ್ಲನ್ನ ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್‌ನಲ್ಲಿ ಕೊಟ್ಟು ರಿಸ್ಟೋರ್‌ಕಾನ್ ಓಡಿಸಿ. ಪೂರ್ತಿ ಎಸ್‌ಇಲಿನಕ್ಸ್ ಆಫ್ ಮಾಡಿ ಅಂತ ಹೇಳೋರ ಮಾತು ಕೇಳ್ಬೇಡಿ, ಎರಡು ಕಮಾಂಡ್‌ನಲ್ಲಿ ಮುಗಿಯೋ ಕೆಲಸಕ್ಕೆ ಮನೆ ಬಾಗ್ಲನ್ನೇ ಕಿತ್ತು ಹಾಕೋದು ಯಾಕೆ.

ಕಾಪಿಗೆ ಮುಂಚೆ ಮೂರು ವಿಷಯ

ಒಂದು, ಅಳತೆ. ವಿರ್ಶ್ ಡಾಮ್‌ಬಿಎಲ್‌ಕೆಇನ್‌ಫೋ ಪ್ರೆಸ್ ಎಚ್‌ಡಿಎ ಅಂತ ಹೊಡೆದ್ರೆ ಕೆಪಾಸಿಟಿ, ಅಲೊಕೇಷನ್, ಫಿಸಿಕಲ್ ಅಂತ ಮೂರು ಸಂಖ್ಯೆ, ಬೈಟ್‌ಗಳಲ್ಲಿ. ಕೆಪಾಸಿಟಿ ಅಂದ್ರೆ ವಿಎಂ ತನಗಿದೆ ಅಂದ್ಕೊಂಡಿರೋ ಜಾಗ, ಅಲೊಕೇಷನ್ ಅಂದ್ರೆ ನಿಜವಾಗಿ ತಿಂದಿರೋದು. ಪ್ರೆಸ್ ವಿಎಂದು 80 ಜಿಬಿ ಕೆಪಾಸಿಟಿ, ತಿಂದಿದ್ದು 31 ಜಿಬಿ. ಹೊಸ ಪೂಲ್‌ನಲ್ಲಿ 31 ಇದ್ರೆ ಕಾಪಿ ಏನೋ ಆಗುತ್ತೆ, ಆದ್ರೆ ಲೆಕ್ಕ ಹಾಕ್ಬೇಕಾದ್ದು 80ಕ್ಕೆ, ಇಲ್ಲಾಂದ್ರೆ ಆರು ತಿಂಗಳಿಗೆ ಮತ್ತೆ ಇದೇ ಫೋನ್ ಬರುತ್ತೆ.

ಎರಡು, ಸ್ನ್ಯಾಪ್‌ಶಾಟ್, ಅಂದ್ರೆ ಡಿಸ್ಕಿನ ಹಿಂದಿನ ಒಂದು ಸ್ಥಿತಿಯನ್ನ ಹಿಡಿದಿಟ್ಟಿರೋದು. ವಿರ್ಶ್ ಸ್ನ್ಯಾಪ್‌ಶಾಟ್-ಲಿಸ್ಟ್ ಪ್ರೆಸ್ ಮತ್ತೆ ಕ್ಯೂಇಎಂಯು-ಐಎಂಜಿ ಇನ್‌ಫೋ --ಬ್ಯಾಕಿಂಗ್-ಚೈನ್ ಎರಡನ್ನೂ ನೋಡಿ. ಇನ್‌ಫೋ ಕಮಾಂಡನ್ನ ವಿಎಂ ಓಡ್ತಿರುವಾಗ ಹೊಡೆದ್ರೆ ಲಾಕ್ ಎರರ್ ಬರುತ್ತೆ, ಆಗ -ಯು ಸೇರಿಸಿ, ದೊಡ್ಡಕ್ಷರ ಯು. ಫೈಲ್ ಒಳಗೇ ಇರೋ ಇಂಟರ್ನಲ್ ಸ್ನ್ಯಾಪ್‌ಶಾಟ್‌ಗಳು ಕನ್ವರ್ಟ್ ಮಾಡಿದಾಗ ಹೊಸ ಫೈಲ್‌ಗೆ ಬರಲ್ಲ, ಸದ್ಯದ ಸ್ಥಿತಿ ಮಾತ್ರ ಬರುತ್ತೆ. ಅವು ಬೇಕೇಬೇಕು ಅಂದ್ರೆ ವಿಎಂ ಆಫ್ ಮಾಡಿ ಸಿಪಿ --ಸ್ಪಾರ್ಸ್=ಆಲ್ವೇಸ್ ಅಂತ ಫೈಲನ್ನ ಇದ್ದಂಗೇ ಕಾಪಿ ಮಾಡಿ. ಇನ್ನು ಬ್ಯಾಕಿಂಗ್ ಫೈಲ್ (ಮೇಲಿನ ಫೈಲ್ ನೆಚ್ಚಿಕೊಂಡಿರೋ ಕೆಳಗಿನ ಫೈಲ್) ಇದ್ರೆ ಬರೀ ಮೇಲಿನ ಫೈಲನ್ನ ಸಿಪಿ ಮಾಡಿ ಕೆಳಗಿಂದನ್ನ ಅಳಿಸಿದ್ರೆ ಎರಡೂ ಕೆಲಸಕ್ಕೆ ಬಾರಲ್ಲ. ಕನ್ವರ್ಟ್ ಮಾಡಿದ್ರೆ ಪೂರ್ತಿ ಸರಪಳಿ ಕರಗಿ ಒಂದೇ ಫೈಲ್ ಆಗುತ್ತೆ, ನಂಗೆ ಅದೇ ಇಷ್ಟ.

ಮೂರು, ಸೆಟ್ಟಿಂಗ್‌ನ ಬ್ಯಾಕಪ್:

ಸುಡೋ ವಿರ್ಶ್ ಡಂಪ್‌ಎಕ್ಸ್‌ಎಂಎಲ್ ಪ್ರೆಸ್ --ಇನ್‌ಆಕ್ಟಿವ್ > ಪ್ರೆಸ್-ಓಲ್ಡ್.ಎಕ್ಸ್‌ಎಂಎಲ್

ಏನಾದ್ರೂ ಎಡವಟ್ಟಾದ್ರೆ ವಿರ್ಶ್ ಡಿಫೈನ್ ಹೊಡೆದು ಇದೇ ಫೈಲ್ ಕೊಟ್ರೆ ಮೊದಲಿನ ಸ್ಥಿತಿಗೆ ವಾಪಸ್.

ವಿಎಂ ಆಫ್ ಮಾಡಿ ಸಾಗ್ಸೋದು

ಅರ್ಧ ಗಂಟೆ ವಿಎಂ ನಿಲ್ಲಿಸೋಕೆ ಆಗುತ್ತೆ ಅಂದ್ರೆ ಇದೇ ದಾರಿ ಹಿಡೀರಿ. ಎಕ್ಸ್‌ಪಿ ಒಳಗಡೆಯಿಂದ್ಲೇ ಶಟ್‌ಡೌನ್ ಮಾಡಿ, ವಿರ್ಶ್ ಡಾಮ್‌ಸ್ಟೇಟ್‌ನಲ್ಲಿ ಶಟ್ ಆಫ್ ಅಂತ ಬರೋವರೆಗೂ ಕಾಯಿರಿ. ಎಸ್‌ಎಸ್‌ಎಚ್‌ನಲ್ಲಿ ಕೆಲಸ ಮಾಡ್ತಿದ್ರೆ ಟಿಮಕ್ಸ್ ಒಳಗೆ ಕೂತ್ಕೊಳಿ, ಮಲೆನಾಡಿನ ಮಳೇಲಿ ನೆಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಕರೆಂಟ್ ಕಥೆನೂ ಅಷ್ಟೇ, ಯುಪಿಎಸ್ ಇಲ್ದೆ ಈ ಕೆಲಸಕ್ಕೆ ಇಳೀಬೇಡಿ.

ಸುಡೋ ಕ್ಯೂಇಎಂಯು-ಐಎಂಜಿ ಕನ್ವರ್ಟ್ -ಪಿ -ಎಫ್ ಕ್ಯೂಕೌ2 -ಓ ಕ್ಯೂಕೌ2 /ವಾರ್/ಲಿಬ್/ಲಿಬ್‌ವರ್ಟ್/ಇಮೇಜಸ್/ಪ್ರೆಸ್.ಕ್ಯೂಕೌ2 /ಡೇಟಾ/ವಿಎಂ/ಪ್ರೆಸ್.ಕ್ಯೂಕೌ2

ಪಿ, ಎಫ್ ಸಣ್ಣಕ್ಷರ, ಓ ದೊಡ್ಡಕ್ಷರ. ಪಿ ಹಾಕಿದ್ರೆ ಎಷ್ಟು ಪರ್ಸೆಂಟ್ ಆಯ್ತು ಅಂತ ಓಡ್ತಾ ಇರುತ್ತೆ, ಎಫ್ ಹಳೇ ಫಾರ್ಮ್ಯಾಟ್, ಓ ಹೊಸ ಫಾರ್ಮ್ಯಾಟ್. ಮೊದಲು ಬರೋ ಪಾತ್ ಹಳೇದು, ಕೊನೇದು ಹೊಸದು, ಎಂಟರ್ ಹೊಡೆಯೋ ಮುಂಚೆ ಬೆರಳಿಟ್ಟು ಓದಿ, ತಿರುಗಾ ಮುರುಗಾ ಆಗಿ, ಹೊಸ ಜಾಗದಲ್ಲಿ ಆಗ್ಲೇ ಒಂದು ಖಾಲಿ ಫೈಲು ಇದ್ರೆ, ಅದು ತುಂಬಿರೋ ಫೈಲಿನ ಮೇಲೆ ಕೂರುತ್ತೆ. ಸೆಕೆಂಡಿಗೆ 120 ಎಂಬಿ ಬರೆಯೋ ಹಾರ್ಡ್‌ಡಿಸ್ಕ್ ಆದ್ರೆ 31 ಜಿಬಿಗೆ ನಾಲ್ಕೂವರೆ ನಿಮಿಷ, ಯುಎಸ್‌ಬಿ 2.0 ಪೋರ್ಟಿಗೆ ಹಾಕಿರೋ ಡಿಸ್ಕ್ 35 ಎಂಬಿ ಕೊಟ್ರೆ ಕಾಲು ಗಂಟೆ.

ವಿಎಂ ಓಡ್ತಿರುವಾಗ ಕನ್ವರ್ಟ್ ಹೊಡೆದ್ರೆ ಲಾಕ್ ಸಿಗ್ತಿಲ್ಲ ಅಂತ ನಿಲ್ಲುತ್ತೆ. 2017ರಲ್ಲಿ ಬಂದ ಕ್ಯೂಎಮು 2.10ರಿಂದ ಈ ಲಾಕ್ ಇದೆ, ಅದು ನಿಮ್ಮನ್ನ ಕಾಪಾಡೋಕೇ ಇರೋದು. ಇನ್‌ಫೋಗೆ ಹಾಕಿದ ದೊಡ್ಡ ಯು ಅನ್ನ ಕನ್ವರ್ಟ್‌ಗೂ ಹಾಕಿ ದಾಟಬೋದು ಅಂತ ಅನ್ಸುತ್ತೆ, ಹಾಗೆ ಮಾಡ್ಬೇಡಿ. ಒಂದು ಪುಟ ಹತ್ತು ಗಂಟೇದು, ಮುಂದಿನ ಪುಟ ಹತ್ತೂ ಐದರದ್ದು ಅನ್ನೋ ಥರದ ಕಾಪಿ ಬರುತ್ತೆ, ಬೂಟ್ ಕೂಡ ಆಗ್ಬೋದು, ಹಾಳಾಗಿರೋದು ಗೊತ್ತಾಗೋದು ತಿಂಗಳ ಮೇಲೆ.

ಕಾಪಿ ಮುಗಿದ ಮೇಲೆ, ವಿಎಂ ಆನ್ ಮಾಡೋಕೆ ಮುಂಚೆ:

ಸುಡೋ ಕ್ಯೂಇಎಂಯು-ಐಎಂಜಿ ಕಂಪೇರ್ -ಪಿ (ಹಳೇ ಪಾತ್) (ಹೊಸ ಪಾತ್)

"ಇಮೇಜಸ್ ಆರ್ ಐಡೆಂಟಿಕಲ್" ಅನ್ನೋ ಸಾಲು ಬರ್ಬೇಕು. ಒಂದ್ಸಲ ವಿಎಂ ಬೂಟ್ ಆದ್ರೆ ಅದು ಹೊಸ ಡಿಸ್ಕಿಗೆ ಬರೆಯೋಕೆ ಶುರು ಮಾಡುತ್ತೆ, ಆಮೇಲೆ ತಾಳೆ ನೋಡೋಕೆ ಅವಕಾಶನೇ ಇಲ್ಲ. ಫೈಲ್ ಸೈಜ್ ಹೋಲಿಸಿ ನೋಡಿದ್ರೆ ಸಾಲ್ದು, ಕನ್ವರ್ಟ್ ಸೊನ್ನೆ ತುಂಬಿರೋ ಜಾಗನ ಬಿಟ್ಟು ಬರೆಯೋದ್ರಿಂದ ಹೊಸ ಫೈಲ್ ಚಿಕ್ಕದಾಗೋದು ಮಾಮೂಲು. ನಮ್ದು 31ರಿಂದ 24 ಜಿಬಿಗೆ ಇಳೀತು, ಅಲ್ಲಿ ಸ್ಕ್ರೀನ್ ಮುಂದೆ ಕೂತಿದ್ದ ಚಿಕ್ಕಪ್ಪ ಏಳು ಜಿಬಿ ಫೈಲು ಎಲ್ಲೋಯ್ತು ಅಂತ ಎದ್ದು ನಿಂತ್ರು, ಆ ಐಡೆಂಟಿಕಲ್ ಸಾಲು ತೋರಿಸಿದ ಮೇಲೇ ಕೂತಿದ್ದು.

ಈಗ ವಿಎಂಗೆ ಹೊಸ ಜಾಗ ತೋರ್ಸಿ:

ಸುಡೋ ವಿರ್ಶ್ ಪೂಲ್-ರಿಫ್ರೆಶ್ ಡೇಟಾ
ಸುಡೋ ವಿರ್ಶ್ ಎಡಿಟ್ ಪ್ರೆಸ್

ಎಡಿಟರ್ ತೆರೆದುಕೊಳುತ್ತೆ, ಡಿಸ್ಕ್ ಅನ್ನೋ ಭಾಗಕ್ಕೆ ಹೋಗಿ ಸೋರ್ಸ್ ಫೈಲ್ ಎದುರಿಗಿರೋ ಹಳೇ ಪಾತ್ ತೆಗೆದು ಹೊಸದು ಹಾಕಿ, ಸೇವ್ ಮಾಡಿ. ಅದರ ಮೇಲೆ ಡ್ರೈವರ್ ಅನ್ನೋ ಸಾಲಲ್ಲಿ ಟೈಪ್ ಕ್ಯೂಕೌ2 ಅಂತ ಇರುತ್ತೆ, ಕಾಪಿ ಮಾಡುವಾಗ ನೀವು ಫಾರ್ಮ್ಯಾಟ್ ಬದಲಾಯಿಸಿದ್ರೆ ಅಲ್ಲೂ ಬದಲಾಯಿಸ್ಲೇಬೇಕು. ಕ್ಯೂಕೌ2 ಫೈಲನ್ನ ರಾ ಅಂತ ಹೇಳಿ ಕೊಟ್ರೆ ವಿಎಂಗೆ ಕಾಣೋದು ಕ್ಯೂಕೌ2ನ ಹೆಡರ್, ಅದಕ್ಕೆ ಅದು ಅರ್ಥ ಆಗಲ್ಲ, ಬೂಟ್ ಮಾಡೋ ಡಿಸ್ಕೇ ಇಲ್ಲ ಅನ್ನುತ್ತೆ. ಡಿಸ್ಕ್ ಕೆಟ್ಟಿದೆ ಅಂತ ಅಂದ್ಕೊಂಡು ರಿಪೇರಿ ಶುರು ಮಾಡ್ಬೇಡಿ, ಮೊದ್ಲು ಈ ಸಾಲು ನೋಡಿ. ಟಾರ್ಗೆಟ್ ಸಾಲಲ್ಲಿರೋ ಎಚ್‌ಡಿಎ ಮತ್ತೆ ಬಸ್ ಐಡಿಇ ಅನ್ನೋದನ್ನ ಮಾತ್ರ ಮುಟ್ಲೇಬೇಡಿ. ಸ್ಪೀಡ್ ಬರ್ಲಿ ಅಂತ ಇದೇ ಹೊತ್ತಲ್ಲಿ ಬಸ್ಸನ್ನ ವರ್ಟ್‌ಐಓ (ವಿಎಂಗಳಿಗೇ ಮಾಡಿರೋ ವೇಗದ ಬಸ್) ಮಾಡೋಕೆ ಹೋದ್ರೆ ಡ್ರೈವರ್ ಇಲ್ದಿರೋ ಎಕ್ಸ್‌ಪಿ ನೀಲಿ ಸ್ಕ್ರೀನ್ ಹಾಕಿ 0x0000007ಬಿ ಅಂತ ನಿಲ್ಲುತ್ತೆ, ಆಗ ತಪ್ಪು ಕಾಪೀದೋ ಬಸ್ಸಿಂದೋ ಅಂತ ಗೊತ್ತಾಗಲ್ಲ. ಒಂದು ಹೊತ್ತಿಗೆ ಒಂದೇ ಬದಲಾವಣೆ ಮಾಡಿ.

ಎಲ್‌ವಿಎಂ ಪೂಲ್‌ಗೆ ಹೋಗ್ತಿದ್ರೆ

ಎಲ್‌ವಿಎಂ ಅಂದ್ರೆ ಡಿಸ್ಕಿನ ಜಾಗನ ಪಾಲು ಮಾಡಿ ಕೊಡೋ ಲಿನಕ್ಸ್ ವ್ಯವಸ್ಥೆ. ಅಲ್ಲಿ ಫೈಲ್ ಇರಲ್ಲ, ಪ್ರತಿ ವಾಲ್ಯೂಮೂ ಒಂದೊಂದು ಬ್ಲಾಕ್ ಡಿವೈಸ್, ಸಾಮಾನ್ಯವಾಗಿ ರಾ ಫಾರ್ಮ್ಯಾಟೇ ಹಾಕೋದು. ವಾಲ್-ಕ್ರಿಯೇಟ್-ಆಸ್ ಹೊಡೆದು ಕೆಪಾಸಿಟಿಯಷ್ಟು ಪೂರ್ತಿ ಸೈಜ್ ಕೊಟ್ಟು ವಾಲ್ಯೂಮ್ ಮಾಡ್ಕೊಳಿ, ಒಂದು ಬೈಟ್ ಕಮ್ಮಿ ಆದ್ರೂ ಆಗಲ್ಲ, ಅದಕ್ಕೆ ಡಾಮ್‌ಬಿಎಲ್‌ಕೆಇನ್‌ಫೋ ಕೊಟ್ಟ ಬೈಟ್ ಸಂಖ್ಯೆನೇ ಕೊಡಿ. ಆಮೇಲೆ ಕನ್ವರ್ಟ್‌ಗೆ -ಎನ್ ಸೇರಿಸಿ, ಟಾರ್ಗೆಟ್ ಆಗ್ಲೇ ಇದೆ ಮತ್ತೆ ಮಾಡ್ಬೇಡ ಅಂತ, ಫಾರ್ಮ್ಯಾಟ್ -ಓ ರಾ. ಎಕ್ಸ್‌ಎಂಎಲ್‌ನಲ್ಲಿ ಡಿಸ್ಕ್ ಟೈಪ್ ಫೈಲ್ ಇದ್ದಿದ್ದು ಬ್ಲಾಕ್ ಆಗ್ಬೇಕು, ಸೋರ್ಸ್ ಫೈಲ್ ಇದ್ದಿದ್ದು ಸೋರ್ಸ್ ಡಿಇವಿ ಆಗ್ಬೇಕು, ಡ್ರೈವರ್ ಟೈಪ್ ರಾ ಆಗ್ಬೇಕು. ಮೂರರಲ್ಲಿ ಒಂದು ಮರೆತ್ರೂ ವಿಎಂ ಏಳಲ್ಲ.

ವಿಎಂ ನಿಲ್ಲಿಸೋಕೇ ಆಗಲ್ಲ ಅಂದ್ರೆ

ಆಗ ಬ್ಲಾಕ್‌ಕಾಪಿ. ಓಡ್ತಿರೋ ವಿಎಂನ ಡಿಸ್ಕನ್ನ ಹಿನ್ನೆಲೇಲಿ ಕಾಪಿ ಮಾಡ್ತಾ, ಹೊಸದಾಗಿ ಬರೆಯೋದನ್ನ ಎರಡೂ ಕಡೆ ಬರೀತಾ, ಕೊನೇಲಿ ಹೊಸದಕ್ಕೆ ದಾಟುತ್ತೆ. ಮೊದಲ ಸಲ ನೋಡಿದಾಗ ನಂಗೆ ನಿಜಕ್ಕೂ ಮೈ ಜುಂ ಅಂದಿತ್ತು, ಒಳಗೆ ಕೆಲಸ ಮಾಡ್ತಿರೋರಿಗೆ ಡಿಸ್ಕ್ ಬದಲಾಗಿದ್ದೇ ಗೊತ್ತಾಗಲ್ಲ.

ಸುಡೋ ವಿರ್ಶ್ ಬ್ಲಾಕ್‌ಕಾಪಿ ಪ್ರೆಸ್ ಎಚ್‌ಡಿಎ --ಡೆಸ್ಟ್ /ಡೇಟಾ/ವಿಎಂ/ಪ್ರೆಸ್.ಕ್ಯೂಕೌ2 --ಫಾರ್ಮ್ಯಾಟ್ ಕ್ಯೂಕೌ2 --ವೇಟ್ --ವರ್ಬೋಸ್ --ಟ್ರಾನ್ಸಿಯೆಂಟ್-ಜಾಬ್

ಟ್ರಾನ್ಸಿಯೆಂಟ್-ಜಾಬ್ ಅಂದ್ರೆ, ಮಧ್ಯೆ ವಿಎಂ ಬಿದ್ದೋದ್ರೆ ಈ ಕಾಪಿ ಕೆಲಸ ಮುಂದುವರೀದಿದ್ರೂ ಪರವಾಗಿಲ್ಲ ಅಂತ ಒಪ್ಪಿಗೆ ಕೊಡೋದು, ಇದಿಲ್ದೆ ಎಷ್ಟೋ ಕಡೆ ಕಮಾಂಡ್ ಶುರುವೇ ಆಗಲ್ಲ. ಇದೇ ಸಾಲಿಗೆ --ಪಿವಟ್ ಸೇರಿಸಿದ್ರೆ 100 ಪರ್ಸೆಂಟ್ ಆದ ತಕ್ಷಣ ತಾನೇ ದಾಟುತ್ತೆ, ನಾನು ಸೇರಿಸಲ್ಲ, ನೂರಕ್ಕೆ ಬಂದ ಮೇಲೆ ಒಂದ್ಸಲ ಉಸಿರು ತಗೊಂಡು ನೋಡಿ ನಾನೇ ದಾಟಿಸ್ತೀನಿ:

ಸುಡೋ ವಿರ್ಶ್ ಬ್ಲಾಕ್‌ಜಾಬ್ ಪ್ರೆಸ್ ಎಚ್‌ಡಿಎ --ಇನ್‌ಫೋ
ಸುಡೋ ವಿರ್ಶ್ ಬ್ಲಾಕ್‌ಜಾಬ್ ಪ್ರೆಸ್ ಎಚ್‌ಡಿಎ --ಪಿವಟ್

ಬೇಡ ಅನ್ಸಿದ್ರೆ ಪಿವಟ್ ಬದಲು --ಅಬಾರ್ಟ್, ವಿಎಂ ಹಳೇ ಡಿಸ್ಕಲ್ಲೇ ಮುಂದುವರಿಯುತ್ತೆ. ವೇಟ್ ಹಾಕಿದಾಗ ಕಾಪಿ ಮಧ್ಯೆ ಕಂಟ್ರೋಲ್-ಸಿ ಒತ್ತಿದ್ರೆ ಕಾಪಿನೇ ರದ್ದಾಗುತ್ತೆ, ಬರೀ ಪರದೆ ಬಿಡಿಸ್ಕೊಳ್ಳೋಕೆ ಅಂತ ಒತ್ತಬೇಡಿ. ಕಾಪಿಯಿಂದ ವಿಎಂ ತೆವಳ್ತಿದೆ ಅನ್ಸಿದ್ರೆ --ಬ್ಯಾಂಡ್‌ವಿಡ್ತ್ 50 ಅಂತ ಕೊಟ್ಟು ಸೆಕೆಂಡಿಗೆ 50 ಎಂಬಿಗೆ ಕಡಿವಾಣ ಹಾಕ್ಬೋದು. ದಾಟಿದ ಮೇಲೆ ಡಾಮ್‌ಬಿಎಲ್‌ಕೆಲಿಸ್ಟ್ ಒಂದ್ಸಲ ಹಂಗೇ, ಇನ್ನೊಂದ್ಸಲ --ಇನ್‌ಆಕ್ಟಿವ್ ಸೇರಿಸಿ ನೋಡಿ. ಮೊದಲನೇದು ಈಗ ಓಡ್ತಿರೋದು, ಎರಡನೇದು ಮುಂದಿನ ಬೂಟ್‌ಗೆ ಬರೆದಿಟ್ಟಿರೋದು, ಎರಡರಲ್ಲೂ ಹೊಸ ಪಾತ್ ಇರ್ಬೇಕು. ಎರಡನೇದ್ರಲ್ಲಿ ಹಳೇದೇ ಇದ್ರೆ ವಿರ್ಶ್ ಎಡಿಟ್‌ನಲ್ಲಿ ಸರಿಮಾಡಿ, ಇಲ್ಲಾಂದ್ರೆ ಮುಂದೆ ಯಾವತ್ತೋ ಆಫ್ ಮಾಡಿ ಆನ್ ಮಾಡಿದಾಗ ವಿಎಂ ಆ ದಿನದ ಹಳೇ ಡಿಸ್ಕಿಂದ ಎದ್ದು ಕೂರುತ್ತೆ.

ಪ್ರಾಕ್ಸ್‌ಮಾಕ್ಸ್ (ವಿಎಂ ನೋಡ್ಕೊಳ್ಳೋ ಇನ್ನೊಂದು ಸಿಸ್ಟಮ್) ಇಟ್ಕೊಂಡಿರೋರಿಗೆ ಇಷ್ಟೆಲ್ಲ ಬೇಕಾಗಲ್ಲ, ಕ್ಯೂಎಂ ಡಿಸ್ಕ್ ಮೂವ್ 101 ಎಸ್‌ಸಿಎಸ್‌ಐ0 ಡೇಟಾ ಅಂತ ಒಂದೇ ಸಾಲು, ಸೆಟ್ಟಿಂಗ್‌ನಲ್ಲಿ ಹೊಸ ಜಾಗ ಬರೆಯೋ ಕೆಲಸನೂ ಅದೇ ಮಾಡುತ್ತೆ. --ಡಿಲೀಟ್ 1 ಅಂತ ಸೇರಿಸಿದ್ರೆ ಹಳೇದು ಅಲ್ಲೇ ಅಳಿದೋಗುತ್ತೆ, ಸೇರಿಸದೇ ಬಿಡಿ, ಹಳೇ ಡಿಸ್ಕ್ ಅನ್‌ಯೂಸ್ಡ್0 ಅಂತ ಉಳ್ಕೊಂಡಿರುತ್ತೆ, ಆಮೇಲೆ ತೆಗೀಬೋದು.

ಹಳೇದನ್ನ ಅಳಿಸೋದು

ತಕ್ಷಣ ಅಳಿಸ್ಬೇಡಿ, ಮೊದಲು ಹೆಸರು ಬದಲಾಯಿಸಿ. ವಿಎಂ ಆಫ್ ಇರುವಾಗ ಹಳೇ ಫೈಲನ್ನ ಎಂವಿ ಹೊಡೆದು ಪ್ರೆಸ್.ಕ್ಯೂಕೌ2.ಓಲ್ಡ್ ಅಂತ ಮಾಡಿ, ಆಮೇಲೆ ವಿರ್ಶ್ ಸ್ಟಾರ್ಟ್ ಪ್ರೆಸ್. ಎದ್ರೆ ಅದು ಹೊಸ ಡಿಸ್ಕಿಂದ್ಲೇ ಎದ್ದಿದೆ, ಯಾಕಂದ್ರೆ ಹಳೇ ಹೆಸರಿನ ಫೈಲೇ ಅಲ್ಲಿಲ್ಲ. ಏಳ್ದಿದ್ರೆ ಫೈಲ್ ಕಾಣ್ತಿಲ್ಲ ಅಂತ ನೇರವಾಗಿ ಹೇಳುತ್ತೆ, ಎಲ್ಲಿ ಎಡಿಟ್ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಒಳಗೆ ಹೋಗಿ ನಾಲ್ಕು ದೊಡ್ಡ ಫೈಲ್ ತೆಗೆದು ನೋಡಿ, ಒಂದು ಪ್ರಿಂಟ್ ಹೊಡೀರಿ.

ನಾವು ನಾಲ್ಕು ದಿನ ಹಂಗೇ ಬಿಟ್ವಿ. ಅಷ್ಟರಲ್ಲಿ ಹೊಸ ಡಿಸ್ಕಿಂದ ಒಂದು ಪೂರ್ತಿ ಬ್ಯಾಕಪ್ ಬೇರೆ ಡಿಸ್ಕಿಗೆ ಹೋಗಿತ್ತು, ಆಮೇಲೇ ಇವು:

ಸುಡೋ ವಿರ್ಶ್ ಪೂಲ್-ರಿಫ್ರೆಶ್ ಡೀಫಾಲ್ಟ್
ಸುಡೋ ವಿರ್ಶ್ ವಾಲ್-ಡಿಲೀಟ್ ಪ್ರೆಸ್.ಕ್ಯೂಕೌ2.ಓಲ್ಡ್ --ಪೂಲ್ ಡೀಫಾಲ್ಟ್

ಪೂಲ್ ಹೆಸರು ಕೊಡೋದನ್ನ ಅಭ್ಯಾಸ ಮಾಡ್ಕೊಳಿ, ಎರಡು ಪೂಲ್‌ನಲ್ಲಿ ಒಂದೇ ಹೆಸರಿನ ವಾಲ್ಯೂಮ್ ಇದ್ದಾಗ ಯಾವುದು ಅಳಿಸ್ತಿದೀರ ಅಂತ ನಿಮಗೇ ಸ್ಪಷ್ಟ ಇರ್ಬೇಕು. ಡಿಎಫ್ -ಎಚ್ ಹೊಡೆದು ರೂಟ್‌ನಲ್ಲಿ ಜಾಗ ವಾಪಸ್ ಬಂತಾ ನೋಡಿ.

ಇನ್ನೊಂದು ಕೆಲಸ ಇದೆ, ಇದನ್ನ ನಾನೂ ಅವತ್ತು ಸ್ವಲ್ಪದ್ರಲ್ಲೇ ಮರೀತಿದ್ದೆ. ಕ್ರಾನ್‌ನಲ್ಲಿ ರಾತ್ರಿ ಬ್ಯಾಕಪ್ ತೆಗೆಯೋ ಸ್ಕ್ರಿಪ್ಟ್ ಇದ್ರೆ ಅದರೊಳಗೆ ಹಳೇ ಪಾತ್ ಬರ್ದಿರುತ್ತೆ. ನಮ್ಮ ಸ್ಕ್ರಿಪ್ಟ್ ಡೀಫಾಲ್ಟ್ ಪೂಲ್ ಡೈರೆಕ್ಟರಿನ ಆರ್‌ಸಿಂಕ್ ಮಾಡ್ತಿತ್ತು, ಫೈಲ್ ಅಲ್ಲಿಂದ ಹೋದ ಮೇಲೂ ಅದು ಎರರ್ ಏನೂ ಕೊಡ್ದೆ ಖಾಲಿ ಡೈರೆಕ್ಟರಿನ ಕಾಪಿ ಮಾಡಿ ಸಕ್ಸಸ್ ಅಂತ ಲಾಗ್ ಬರೀತಿತ್ತು. ಅದ್ರಲ್ಲಿ --ಡಿಲೀಟ್ ಕೂಡ ಇದ್ದಿದ್ರೆ ಹಿಂದಿನ ಬ್ಯಾಕಪ್ಪನ್ನೂ ಅಳಿಸಿ ಹಾಕಿರೋದು. ಸುಡೋ ಗ್ರೆಪ್ -ಆರ್ ಲಿಬ್‌ವರ್ಟ್/ಇಮೇಜಸ್ /ಇಟಿಸಿ ಅಂತ ಒಂದ್ಸಲ ಹುಡುಕಿ, ಸ್ಕ್ರಿಪ್ಟ್‌ಗಳು ಬೇರೆ ಡೈರೆಕ್ಟರೀಲಿದ್ರೆ ಅಲ್ಲೂ ಹುಡುಕಿ, ಸಿಕ್ಕಿದ ಕಡೆಯೆಲ್ಲ ಪಾತ್ ಬದಲಾಯಿಸಿ, ಮಾರನೇ ದಿನ ಬೆಳಗ್ಗೆ ಬ್ಯಾಕಪ್ ಡಿಸ್ಕಲ್ಲಿ ಫೈಲಿನ ತಾರೀಖು ಮತ್ತೆ ಸೈಜ್ ನೋಡಿ.